ಮೊರದಲ್ಲಿನ ಮೂರು ಕಲ್ಲು

ಗದ್ದೆಮ್ಮ ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ಅಂಗಳಕ್ಕೆ ಹಾರಿತು. ಉಳಿದ ಅಕ್ಕಿಯನ್ನು ಬೆರಳಿನಿಂದ ಹರವಿ ಕಲ್ಲು ಹೆಕ್ಕತೊಡಗಿದಳು. ಭಾನುವಾರದ ಎಳೆಬಿಸಿಲು. ಕಟ್ಟೆಯ ಮೇಲೆ ಅವಳ ಸುತ್ತ ಎಂಟು ಹುಡುಗಿಯರು, ಎಲ್ಲರೂ ಹತ್ತನೇ ಕ್ಲಾಸು. ಅದು 1979ರ ಜನವರಿ. ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿತ್ತು.

ಮಾನ್ವಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಗದ್ದೆಮ್ಮನ ಮನೆಯಲ್ಲಿ ಪಾಠವೆಂದರೆ ತಿರುಗುಮುರುಗು. ಹುಡುಗಿಯರು ಹೇಳಬೇಕು, ಅಕ್ಕೋರು ಕೇಳಬೇಕು. ಹೇಳಿದ್ದು ತಿಳಿಯದಿದ್ದರೆ ಬೈಗುಳವಿಲ್ಲ, ಬೆತ್ತವಿಲ್ಲ. ಅಕ್ಕಿಯಿಂದ ಹೆಕ್ಕಿದ ಒಂದು ಕಲ್ಲು ಹೇಳುವವಳ ಮುಂದೆ ಬೀಳುತ್ತಿತ್ತು. ಒಂದು ಕಲ್ಲಿಗೆ ಮತ್ತೊಮ್ಮೆ ಹೇಳಬೇಕು. ಎರಡಕ್ಕೆ ಮನೆಯೊಳಗಿನ ಉದಾಹರಣೆ ಕೊಡಬೇಕು. ಮೂರು ಬಿದ್ದವೋ, ಎದ್ದು ಜಾಗ ಖಾಲಿ ಮಾಡಬೇಕು.

ಕಲ್ಲು ಹೆಕ್ಕುವುದಷ್ಟೇ ಅಕ್ಕೋರ ಕೆಲಸ. ಇಡುವ ಅಧಿಕಾರ ಆ ವಾರದ ಲೀಡರಿನದು. ಲೀಡರಾಗಲು ಫಸ್ಟ್ ಬರಬೇಕಿರಲಿಲ್ಲ. ಸರದಿ ಬಂದರೆ ಸಾಕಿತ್ತು. ಈ ವಾರದ ಸರದಿ ಜಾಹೆದಾಳದು, ಅಕ್ಕಿ ವ್ಯಾಪಾರಿ ಖಾಜಾಮಿಯಾನ ಮಗಳು. ಜೂನಿನಲ್ಲಿ ಹಾಜರಿ ಕೂಗಿದರೂ ಅವಳ ದನಿ ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಈಗ ಎಲ್ಲರಿಗೂ ಕೇಳುವಂತೆ ಟಕ್ಕನೆ ಕಲ್ಲು ಇಡುತ್ತಿದ್ದಳು.

ಗೇಟಿನ ಸಪ್ಪಳವಾಯಿತು. ಬಿಳಿ ಅಂಗಿಯ ತರುಣನೊಬ್ಬ ನಿಂತಿದ್ದ. ಹೆಗಲ ಚೀಲದಿಂದ ಪುಸ್ತಕಗಳು ಇಣುಕುತ್ತಿದ್ದವು.

"ಗೈಡು ಬ್ಯಾಡ್ರಿ," ಎಂದಳು ಗದ್ದೆಮ್ಮ, ತಲೆ ಎತ್ತದೆ. "ಈ ಮನ್ಯಾಗ ಯಾರೂ ಗೈಡು ಓದಂಗಿಲ್ಲ."

"ನಾನು ಮಾರಾಕ ಬಂದಿಲ್ರಿ."

"ಪುಕ್ಕಟ ಕೊಡಾಕ ಬಂದೀರೇನು? ಅದೂ ಬ್ಯಾಡ."

ಹುಡುಗಿಯರು ಕಿಸಕ್ಕನೆ ನಕ್ಕರು. ತರುಣನೂ ನಕ್ಕ.

"ನಾನು ಯಂಕೋಬ ಅಂತ್ರಿ, ದೇವದುರ್ಗದಾಗ ಸೈನ್ಸ್ ಮಾಸ್ತರ. ನಮ್ಮ ಹುಡುಗ್ರು ಪುಸ್ತಕ ಪೂರಾ ಬಾಯಿಪಾಠ ಒಪ್ಪಸ್ತಾರ. ಪ್ರಶ್ನಿ ಒಂಚೂರು ತಿರುವಿ ಕೇಳಿದ್ರ ಗಪ್ ಆಗಿಬಿಡ್ತಾರ. ರಾಯಚೂರಿನ ಟ್ರೇನಿಂಗಿನ್ಯಾಗ ನಿಮ್ಮ ಹುಡುಗ್ಯಾರ ಸುದ್ದಿ ಕೇಳ್ದೆ. ನೋಡಿ ಹೋಗೂಣು ಅಂತ ಬಂದೆ."

ಈಗ ಗದ್ದೆಮ್ಮ ತಲೆ ಎತ್ತಿದಳು. ಬಸ್ಸಿನ ಧೂಳು ಅವನ ಹುಬ್ಬಿನ ಮೇಲೂ ಕೂತಿತ್ತು. ಅದರ ಕೆಳಗಿನ ಕಣ್ಣುಗಳು ಮಾತ್ರ ಈಗಷ್ಟೇ ತೊಳೆದಂತಿದ್ದವು. ಅವಳು ಮತ್ತೆ ಅಕ್ಕಿಯತ್ತ ನೋಡಿದಳು, ಅಗತ್ಯಕ್ಕಿಂತ ತುಸು ಬೇಗ.

"ಸರ್," ಎಂದಳು ಜಾಹೆದಾ, "ಇಲ್ಲಿ ಸುಮ್ನ ಕುಂತು ನೋಡಂಗಿಲ್ರಿ. ಕುಂತೋರು ಒಂದು ಪಾಠ ಹೇಳಬೇಕು. ರೂಲ್ ಅದ."

"ಯಾರು ಮಾಡಿದ ರೂಲ್?"

"ಲೀಡರ್ ಮಾಡಿದ್ದು. ಈ ವಾರ ನಾನೇ ಲೀಡರ್."

ಯಂಕೋಬ ಕಾಲು ಮಡಚಿ ಕೂತ. ಮಣ್ಣಿನ ಕೊಡದ ನೀರು ಏಕೆ ತಣ್ಣಗಿರುತ್ತದೆ ಎಂದು ಹೇಳಲು ಶುರುಮಾಡಿದ. ಎರಡನೇ ವಾಕ್ಯಕ್ಕೇ 'ಬಾಷ್ಪೀಭವನ' ಬಂತು. ಜಾಹೆದಾ ಒಂದು ಕಲ್ಲಿಟ್ಟಳು. ಅವನು ಇನ್ನೂ ದೊಡ್ಡ ಮಾತಿನಿಂದ ಅದನ್ನು ಬಿಡಿಸಿದ. ಎರಡನೇ ಕಲ್ಲು. ಉದಾಹರಣೆಗೆ ತಡಕಾಡಿ ಗದ್ದೆಮ್ಮನ ಮುಖ ನೋಡಿದ. ಅವಳು ತುಟಿಯೊಳಗೆ ನಗುತ್ತಿದ್ದಳು. ಹೇಳುತ್ತಿದ್ದ ಮಾತೇ ಅವನಿಗೆ ಮರೆತುಹೋಯಿತು.

ಮೂರನೇ ಕಲ್ಲು ಬಿತ್ತು.

"ಏಳ್ರಿ ಸರ್," ಎಂದಳು ಜಾಹೆದಾ ಬಲು ಮರ್ಯಾದೆಯಿಂದ. "ಮುಂದಿನ ಭಾನುವಾರ ತಯಾರಾಗಿ ಬರ್ರಿ."

ಅವನು ನಿಜವಾಗಿಯೂ ಮುಂದಿನ ಭಾನುವಾರ ತಯಾರಾಗಿ ಬಂದ. "ಬೆವತ ಮೈಗೆ ಗಾಳಿ ಬಡಿದ್ರ ತಂಪು ಆಗತದಲ್ಲ, ಕೊಡಾನೂ ಹಂಗೇ ಬೆವರತದ," ಎಂದ. ಒಂದು ಕಲ್ಲೂ ಬೀಳಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ಗದ್ದೆಮ್ಮ ಚಪ್ಪಾಳೆ ತಟ್ಟಲಿಲ್ಲ. ಒಳಗೆ ಹೋಗಿ ಅದೇ ಕೊಡದ ನೀರು ತಂದುಕೊಟ್ಟಳು.

ಅಂದಿನಿಂದ ಎರಡೂ ಊರಿನ ಮಕ್ಕಳ ನಡುವೆ ಒಂದು ಪದ್ಧತಿ ಹುಟ್ಟಿತು. ಶನಿವಾರ ದೇವದುರ್ಗದ ಮಕ್ಕಳು ತಾವೇ ಪ್ರಶ್ನೆ ಬರೆದು ಕಟ್ಟು ಕಟ್ಟಿ ಮಾನ್ವಿಗೆ ಕಳಿಸುವರು. ಮಾನ್ವಿಯ ಹುಡುಗಿಯರು ಉತ್ತರ ಬರೆದು, ತಮ್ಮ ಪ್ರಶ್ನೆಗಳನ್ನೂ ಸೇರಿಸಿ ಕಳಿಸುವರು. ತಿಳಿಯದ ಪ್ರಶ್ನೆಗೆ ಕಲ್ಲಿನ ಪೊಟ್ಟಣ ಲಗತ್ತಿಸಿ ಹಿಂದಿರುಗಿಸುವುದು. ಕಟ್ಟನ್ನು ಟೀಚರುಗಳು ಬಿಚ್ಚುವಂತಿಲ್ಲ, ಲೀಡರೇ ಬಿಚ್ಚಬೇಕು. ಹೊತ್ತು ತರುವವನು ಬಸ್ಸಿನ ಕಂಡಕ್ಟರ್ ಗುಡುಸಾಬ.

"ಟಿಕೀಟು ಇಲ್ದ ಓಡಾಡೋ ಪ್ಯಾಸೆಂಜರ್ ಇದೊಂದೇ ನೋಡ್ರಿ ಅಕ್ಕೋರ," ಎಂದು ಅವನು ಕಟ್ಟನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದ.

ಭಾನುವಾರಗಳಂದು ಯಂಕೋಬ ತಾನೇ ಬರುತ್ತಿದ್ದ. ಹುಡುಗಿಯರು ಒಬ್ಬರಿಗೊಬ್ಬರು ಪಾಠ ಹೇಳುವಾಗ ಅವನು ಮೊರದ ಆಚೆ ಬದಿ ಕೂತು ಕಲ್ಲು ಹೆಕ್ಕುತ್ತಿದ್ದ.

"ಸರ್, ನೀವು ಬಾಜೂಕ ಇಡಾಕತ್ತಿದ್ದು ಕಲ್ಲಲ್ರಿ. ಅಕ್ಕಿ," ಎಂದಳು ಗದ್ದೆಮ್ಮ ಒಂದು ದಿನ.

"ಹೌದೇನ್ರಿ?" ಅವನು ಅಂಗೈ ನೋಡಿಕೊಂಡ. "ನಾನು ನಿಮ್ಮ ಕೈ ನೋಡಾಕತ್ತಿದ್ದೆ."

ಗದ್ದೆಮ್ಮ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. "ಕೈ ನೋಡಿದ್ರ ಅನ್ನ ಆಗಂಗಿಲ್ರಿ."

"ಅನ್ನಕ್ಕ ಕರದ್ರ ಒಲ್ಲೆ ಅನ್ನಂಗಿಲ್ಲ."

ಆಮೇಲೆ ಅವಳು ಹೆಕ್ಕಿದ ಅಕ್ಕಿಯನ್ನೇ ಮತ್ತೆ ಹೆಕ್ಕಿದಳು. ಅಂದು ಎಸರು ಇಡುವುದು ಅರ್ಧ ಗಂಟೆ ತಡವಾಯಿತು.

ಇಪ್ಪತ್ತಾರು ವರ್ಷದ ಗದ್ದೆಮ್ಮ ಹಿರೇಕೊಟ್ನೆಕಲ್ಲಿನ ಒಕ್ಕಲು ಮನೆಯವಳು. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ತನಗೆ ಬೇಕಾದುದನ್ನು ಗಟ್ಟಿಯಾಗಿ ಕೇಳಿ ಪಡೆಯುವುದು ಅವಳಿಗೆ ರೂಢಿಯಾಗಿತ್ತು. ಈ ಒಂದನ್ನು ಮಾತ್ರ ಅವನೇ ಕೇಳಲಿ ಎಂದು ಕಾದಳು. ಇಂದು ಕೇಳಿಯಾನು, ಮುಂದಿನ ಭಾನುವಾರ ಕೇಳಿಯಾನು ಎಂದುಕೊಂಡಳು.

ಮಾರ್ಚಿನ ಮೊದಲ ಭಾನುವಾರ ಅವನು ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಪ್ರಶ್ನೆಗಳ ಕಟ್ಟು ಬಂತು, ಅವನು ಬರಲಿಲ್ಲ. ಪರೀಕ್ಷೆ ಶುರುವಾದ ಮೇಲೆ ಕಟ್ಟೂ ನಿಂತಿತು.

ಮೇ ತಿಂಗಳಲ್ಲಿ ರಿಸಲ್ಟು ಬಂದಾಗ ಎಂಟೂ ಜನ ಪಾಸು. ಆದರೆ ಪಾಸಾದವಳನ್ನು ರಾಯಚೂರಿಗೆ ಓದಲು ಕಳಿಸುವ ಮನೆಗಳು ಎರಡೇ. ಹುಡುಗಿಯರೇ ಗುಂಪಾಗಿ ಮನೆಮನೆಗೆ ಹೋದರು. ಗದ್ದೆಮ್ಮ ಬೇಕೆಂದೇ ಹಿಂದೆ ನಿಂತಳು. ಖಾಜಾಮಿಯಾನ ಅಂಗಡಿಯಲ್ಲಿ ಜಾಹೆದಾ ಅಪ್ಪನ ಕೈಗೆ ಮೂರು ಕಲ್ಲು ಕೊಟ್ಟು, ತಾನು ಕಾಲೇಜಿಗೆ ಏಕೆ ಹೋಗಬೇಕು ಎಂದು ನಿಂತುಕೊಂಡೇ ಹೇಳಿದಳು. ಖಾಜಾಮಿಯಾ ಗಡ್ಡ ಕೆರೆದುಕೊಂಡ. ಎರಡು ಕಲ್ಲು ಇಟ್ಟ. ಮೂರನೆಯದನ್ನು ಬಹಳ ಹೊತ್ತು ಹಿಡಿದು, ಕೊನೆಗೆ ಅಂಗಿಯ ಜೇಬಿಗೆ ಹಾಕಿಕೊಂಡ.

"ಹೋಗು ಬೇಟಿ," ಎಂದ. "ಇದು ನನ್ನ ಹತ್ರನೇ ಇರಲಿ. ಫೇಲಾದ್ರ ಇಡ್ತೀನಿ."

ಅಂದು ಗದ್ದೆಮ್ಮ ಯಂಕೋಬನಿಗೆ ಪತ್ರ ಬರೆದಳು. ಐದು ಜನ ಹುಡುಗಿಯರು ಕಾಲೇಜಿಗೆ ಹೊರಟ ಸುದ್ದಿ ಬರೆದಳು. ಕೊನೆಯಲ್ಲಿ ಒಂದು ಸಾಲು: 'ನೀವು ಯಾಕೆ ಬರಲಿಲ್ಲ?' ಬರೆದ ಮೇಲೆ ಆ ಸಾಲನ್ನು ತಾನೇ ಓದಿಕೊಂಡಳು. ಕೆಲಸಕ್ಕೆಂದು ಬಂದವರು, ಕೆಲಸ ಮುಗಿಯಿತು, ಹೋದರು. ಕೇಳಲು ತಾನು ಯಾರು? ಪತ್ರವನ್ನು ಬೀಜಗಣಿತದ ಪುಸ್ತಕದೊಳಗಿಟ್ಟಳು. ಅದು ಅಲ್ಲೇ ಒಂದೂವರೆ ವರ್ಷ ಉಳಿಯಿತು. ಪ್ರತಿ ಸಲ ಪುಸ್ತಕ ತೆರೆದಾಗಲೂ ಕಣ್ಣಿಗೆ ಬೀಳುತ್ತಿತ್ತು. ಹರಿದು ಹಾಕಲಿಲ್ಲ, ಕಳಿಸಲೂ ಇಲ್ಲ.

ಮರುವರ್ಷದ ಅಕ್ಟೋಬರಿನಲ್ಲಿ ಅಣ್ಣ ರಾಮಣ್ಣ ಬಂದ. "ಸೋಮವಾರ ಸಿಂಧನೂರಿನ್ಯಾಗಿಂದ ನೋಡಾಕ ಬರ್ತಾರ. ಈ ಸಲ ನೆಪ ಹೇಳಬ್ಯಾಡ ತಂಗಿ," ಎಂದ. ಗದ್ದೆಮ್ಮ "ನೋಡೂಣು" ಎಂದಳು. ಅಣ್ಣ ಅದನ್ನೇ ಒಪ್ಪಿಗೆ ಎಂದುಕೊಂಡು ಹೋದ.

ಶನಿವಾರ ಮುಂಜಾನೆ ಜಾಹೆದಾ ಬಂದಳು. ಈಗ ರಾಯಚೂರಿನಲ್ಲಿ ಸೆಕೆಂಡ್ ಪಿಯುಸಿ. ಬಸ್ಸಿಳಿದು ಓಡಿಬಂದಿದ್ದಳು. ಕೈಯಲ್ಲಿ ಹಳೆಯ ನೋಟ್‌ಬುಕ್ಕು.

"ಅಕ್ಕೋರ, ನಾನೊಂದು ತಪ್ಪು ಮಾಡೀನ್ರಿ. ಲೀಡರ್ ಇದ್ದಾಗ."

"ಕುಂದ್ರು. ನೀರು ಕುಡಿ ಮೊದ್ಲು."

"ನೀರು ಆಮ್ಯಾಲ. ಹಾಸ್ಟೆಲ್‌ನ್ಯಾಗ ನಾವು ಇಲ್ಲಿಯಂಗೇ ಗುಂಪು ಮಾಡೀವಿ. ಕಲ್ಲು ಇಟ್ಟು ಓದ್ತೀವಿ. ಈ ವರ್ಷ ದೇವದುರ್ಗದಿಂದ ಆದೆಮ್ಮ ಅಂತ ಒಬ್ಬಾಕಿ ಬಂದಾಳ, ಯಂಕೋಬ ಸರ್ ಸ್ಟೂಡೆಂಟು. ಕಲ್ಲು ನೋಡಿ ಏನಂದ್ಳು ಗೊತ್ತೇನ್ರಿ? 'ಇಂಥವೇ ಮೂರು ನಮ್ಮ ಸರ್ ಟೇಬಲ್ ಮ್ಯಾಲ ಅದಾವ. ಯಾರಿಗೂ ಮುಟ್ಟಗೊಡಂಗಿಲ್ಲ. ಎದಕ್ಕ ಅಂತ ಕೇಳಿದ್ರ, ನನಗ ಎದ್ದು ಹೋಗು ಅಂದ ಕಲ್ಲು ಅಂತಾರ.'"

ಗದ್ದೆಮ್ಮನ ಕೈ ಮೊರದ ಮೇಲೆ ನಿಂತಿತು.

ಜಾಹೆದಾ ನೋಟ್‌ಬುಕ್ಕು ತೆರೆದಳು. ಬಂದ ಪ್ರಶ್ನೆಗಳನ್ನೆಲ್ಲ ಬರೆದಿಡುವುದು ಲೀಡರಿನ ಕೆಲಸವಾಗಿತ್ತು. ಸರದಿ ಸುತ್ತಿಬಂದು ಮತ್ತೆ ಅವಳೇ ಲೀಡರಾಗಿದ್ದ ಫೆಬ್ರವರಿಯ ಕೊನೆಯ ಶನಿವಾರ, ಕಟ್ಟಿನ ಕೊನೆಯ ಹಾಳೆ. ಯಂಕೋಬ ಸರ್ ಕೈಬರಹದಲ್ಲಿ ಬಂದ ಒಂದೇ ಪ್ರಶ್ನೆ. ಅವಳು ಓದಿದಳು:

'ಒಬ್ಬ ಪ್ರಯಾಣಿಕ ಪ್ರತಿ ಭಾನುವಾರ ಸಂಜೆ ಮಾನ್ವಿಯಲ್ಲಿ ಬಸ್ಸು ಹತ್ತುತ್ತಾನೆ. ಬಸ್ಸು ದೇವದುರ್ಗ ತಲುಪುತ್ತದೆ, ಪ್ರಯಾಣಿಕ ತಲುಪುವುದಿಲ್ಲ. ಕಾರಣ ಕೊಡಿ.'

"ಮ್ಯಾಲ 'ಅಕ್ಕೋರಿಗೆ' ಅಂತ ಇತ್ರಿ. ನಾನು ಲೀಡರ್, ನಾನೇ ನೋಡಬೇಕು ಅಂದ್ಕೊಂಡೆ. ಬಸ್ಸಿನ ಸ್ಪೀಡು ಕೊಟ್ಟಿಲ್ಲ, ದೂರ ಕೊಟ್ಟಿಲ್ಲ. ಮೂರು ಕಲ್ಲು ಪೊಟ್ಟಣ ಕಟ್ಟಿ, 'ಈ ಪ್ರಶ್ನಿ ಸರಿ ಇಲ್ಲ' ಅಂತ ಬರದು ವಾಪಸ್ ಕಳಿಸಿದೆ." ಅವಳ ಕಣ್ಣು ತುಂಬಿದವು. "ನೀವೇ ಕಳ್ಸೀರಿ ಅಂತ ಅವ್ರು ತಿಳ್ಕೊಂಡಾರ್ರಿ. ಇದು ಬ್ಯಾರೆ ಯಾರ ಬಾಯಿಂದನೂ ನಿಮಗ ಗೊತ್ತಾಗಬಾರ್ದು, ನಾನೇ ಹೇಳಬೇಕು ಅಂತ ಮೊದಲ್ನೇ ಬಸ್ಸಿಗೆ ಬಂದೆ. ಬೈರಿ ಅಕ್ಕೋರ."

ಗದ್ದೆಮ್ಮ ಆ ಪ್ರಶ್ನೆಯನ್ನು ಮೂರು ಸಲ ಓದಿದಳು. ಕಿವಿಯ ತುದಿ ಬಿಸಿಯಾಯಿತು. ಆಮೇಲೆ ಎಂಥ ನಗು ಬಂತೆಂದರೆ ಮೊರದ ಅಕ್ಕಿ ಕಟ್ಟೆಯ ತುಂಬ ಚೆಲ್ಲಿತು.

"ಸ್ಪೀಡು ಕೊಟ್ಟಿಲ್ಲಂತ!"

"ನಗಬ್ಯಾಡ್ರಿ ಅಕ್ಕೋರ!"

"ಬೈಲಿ ಹ್ಯಾಂಗ ಹುಡುಗಿ? ಮಾಡಿದ ತಪ್ಪು ಬಸ್ಸು ಹತ್ತಿ ಬಂದು ಹೇಳಿದಿ. ನಾನು ಕಲಿಸಬೇಕಂತ ಇದ್ದಿದ್ದೇ ಅದು." ಅವಳು ಸೆರಗಿನಿಂದ ಜಾಹೆದಾಳ ಕಣ್ಣೊರೆಸಿದಳು. "ತಪ್ಪು ನಿನ್ನದೊಂದೇ ಅಲ್ಲ. ಯಾಕ ಬರಲಿಲ್ಲ ಅಂತ ಕೇಳಾಕ ನನಗೂ ಬಾಯಿತ್ತು."

"ಸೋಮವಾರ ಯಾರೋ ನೋಡಾಕ ಬರ್ತಾರಂತ, ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕು ನಮ್ಮ ಅಬ್ಬಾ ಅಂದ್ರು?"

"ಬರಂಗಿಲ್ಲ. ನಾಳೆ ನಾನೇ ಊರಿಗೆ ಹೋಗಿ ಅಣ್ಣಗ ಹೇಳ್ತೀನಿ. ಅವ ಎಷ್ಟು ಕಲ್ಲಾದ್ರೂ ಇಡಲಿ, ಈ ಸಲ ನಾನು ಏಳಂಗಿಲ್ಲ."

ಬೀಜಗಣಿತದ ಪುಸ್ತಕದಿಂದ ಪತ್ರ ಹೊರಬಂತು. ಮಡಿಕೆ ಹಳದಿಗಟ್ಟಿತ್ತು. ಹೊಸದಾಗಿ ಬರೆಯೋಣವೇ ಎಂದು ಒಂದು ಕ್ಷಣ ಅನ್ನಿಸಿತು, ಬೇಡವೆಂದಳು. ಎಷ್ಟು ದಿನ ಕಾದಿದೆ ಎಂಬುದು ಅವನಿಗೂ ಕಾಣಲಿ. ಮೇಲೆ ಹಳೆಯ ತಾರೀಖನ್ನು ಹಾಗೆಯೇ ಬಿಟ್ಟಳು. 'ನೀವು ಯಾಕೆ ಬರಲಿಲ್ಲ?' ಎಂಬ ಸಾಲನ್ನು ಗೆರೆ ಎಳೆದು ಹೊಡೆದುಹಾಕಿ, ಕೆಳಗೆ ಬರೆದಳು:

'ಕಾರಣ: ಪ್ರಯಾಣಿಕ ಮಾನ್ವಿಯಲ್ಲಿಯೇ ಉಳಿದಿದ್ದಾನೆ. ಉಳಿಸಿಕೊಂಡವಳು ನಾನು. ಕಲ್ಲು ಕಳಿಸಿದವಳು ನಾನಲ್ಲ.'

ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಆಗಲೇ ಗುರ್ರೆನ್ನುತ್ತಿತ್ತು. ಗುಡುಸಾಬ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಕಂಡವನೇ ಸೀಟಿ ಬಾಯಿಂದ ತೆಗೆದ.

"ಏನ್ರಿ ಅಕ್ಕೋರ, ಭಾಳ ದಿನ ಆತು ನಿಮ್ಮ ಕಟ್ಟು ಕಾಣ್ದ! ಇವತ್ತು ಇಷ್ಟ ಸಣ್ಣದೇನು?"

"ಸಣ್ಣದಾದ್ರೂ ಜ್ವಾಕಿ. ಮಾಸ್ತರ ಕೈಯಾಗೇ ಕೊಡ್ರಿ. ಯಾವ ಲೀಡರ್ ಕೈಯಾಗೂ ಬ್ಯಾಡ."

ಹಿಂದೆ ನಿಂತಿದ್ದ ಜಾಹೆದಾ ಓಡಣಿಯಿಂದ ಮುಖ ಮುಚ್ಚಿಕೊಂಡಳು. ಗುಡುಸಾಬ ಲಕೋಟೆ ನೋಡಿದ, ಗದ್ದೆಮ್ಮನ ಮುಖ ನೋಡಿದ, ಮೀಸೆಯಲ್ಲೇ ನಕ್ಕ.

"ಉತ್ತರ ತರಬೇಕೇನ್ರಿ?"

"ಉತ್ತರ ಇದರಾಗೇ ಅದ," ಎಂದಳು ಗದ್ದೆಮ್ಮ. "ಪ್ರಶ್ನಿ ಕೇಳಿದವರನ್ನ ಕರ್ಕೊಂಡು ಬರ್ರಿ."

ಗುಡುಸಾಬ ಲಕೋಟೆಯನ್ನು ಟಿಕೀಟಿನ ಚೀಲಕ್ಕೆ ಹಾಕಲಿಲ್ಲ. ಎದೆಯ ಜೇಬಿಗಿಟ್ಟು ಗುಂಡಿ ಹಾಕಿದ. ಸೀಟಿ ಊದಿ "ರೈಟ್!" ಎಂದ. ಬಸ್ಸು ದೇವದುರ್ಗದ ಕಡೆ ಹೊರಳಿತು.