ಹಾರುವ ತಟ್ಟೆಯ ನೆಗೆಟಿವ್

ಡಾರ್ಕ್‌ರೂಮಿನ ಹಿಂಬಾಗಿಲ ಚಿಲಕ ಕಿತ್ತು ಬಂದಿತ್ತು. ಚೌಕಟ್ಟಿನ ಮರ ಸಿಪ್ಪೆ ಎದ್ದಿತ್ತು. ಒಳಗೆ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಫಿಲ್ಮುಗಳಲ್ಲಿ ಒಂದು ಮಾತ್ರ ಮಾಯವಾಗಿತ್ತು. ಇಡೀ ಊರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಫಿಲ್ಮು ಅದೇ.

"ಕದ್ಬಿಟ್ರು ಮೇಡಂ," ಎಂದರು ಸ್ಟುಡಿಯೋ ಮಾವ.

ಆ 'ಮೇಡಂ' ನನಗೆ ಚುಚ್ಚಿತು. ನಾನು ಈ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಆಗಿರಬಹುದು. ಆದರೆ ನನ್ನ ಪೊಲೀಸ್ ಕೆಲಸದ ಅರ್ಜಿಗೆ ಫೋಟೋ ತೆಗೆದವರು ಇದೇ ಮಾವ. "ಗಲ್ಲ ಸ್ವಲ್ಪ ಎತ್ತಮ್ಮ, ನಾಳೆ ಕಳ್ಳರು ಹೆದರ್ಬೇಕು" ಎಂದು ತಮಾಷೆ ಮಾಡಿದ್ದರು. ಊರಲ್ಲಿ ಅವರ ಕೈಯಲ್ಲಿ ಗಲ್ಲ ಎತ್ತಿಸಿಕೊಳ್ಳದವರು ಯಾರೂ ಇಲ್ಲ. ಅದಕ್ಕೇ ಎಲ್ಲರಿಗೂ ಅವರು ಮಾವ, ಅವರ ಹೆಂಡತಿ ಅತ್ತೆ.

ಕಥೆ ಊರಿಗೆಲ್ಲ ಗೊತ್ತಿತ್ತು. ಕಳೆದ ಭಾನುವಾರ ಸಂಜೆ ಮಾವ, ಅತ್ತೆ, ಮಗಳು ಮತ್ತು ಮಾವನ ತಾಯಿ ಊರಾಚೆಯ ಗುಡ್ಡಕ್ಕೆ ಹೋಗಿದ್ದರು. ಸೂರ್ಯ ಮುಳುಗುವ ಹೊತ್ತಿಗೆ ಆಕಾಶದಲ್ಲಿ ಏನೋ ಬಂತು. ವಿಮಾನವಲ್ಲ, ಬಲೂನಲ್ಲ. ಬಂತು, ನಿಂತಿತು, ಹೋಯಿತು. ಮಾವ ಸರಿಯಾದ ಕ್ಷಣಕ್ಕೆ ಕ್ಯಾಮೆರಾದ ಬಟನ್ ಒತ್ತಿದ್ದರು. ಖುಷಿ ತಡೆಯಲಾರದೆ ಮಾರನೆಯ ದಿನವೇ ಪತ್ರಿಕೆಯವರಿಗೆ ಹೇಳಿದರು. ಅದೇ ಪತ್ರಿಕೆಯಲ್ಲಿ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಮೂಗು ಮುರಿದರು. 'ನೆಗೆಟಿವ್ ತೋರಿಸಲಿ. ನಿಜವಾಗಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ' ಎಂದು ಬರೆದರು. ಮಾವ ಸವಾಲು ಒಪ್ಪಿದರು. ಶನಿವಾರ ಸಂಜೆ, ಸ್ಟುಡಿಯೋದಲ್ಲಿ, ಎಲ್ಲರ ಎದುರಿಗೆ.

ಇವತ್ತೇ ಶನಿವಾರ. ಈಗ ಬೆಳಿಗ್ಗೆ.

"ಸಂಜೆ ಏನು ತೋರಿಸ್ಲಿ?" ಮಾವ ಸ್ಟೂಲಿನ ಮೇಲೆ ಕುಸಿದರು. "ಕಳುವಾಯ್ತು ಅಂದ್ರೆ ನಂಬ್ತಾರಾ? ಸುಳ್ಳು ಹೇಳಿ ಸಿಕ್ಕಿಹಾಕ್ಕೊಂಡ ಅಂತಾರೆ. ಫೋಟೋ ತೆಗೆಯೋನ ಮಾತೇ ಸುಳ್ಳು ಅಂತಾದ್ರೆ, ಅವನು ತೆಗೆದ ಫೋಟೋನ ಯಾರು ನಂಬ್ತಾರೆ?"

ನಾನು ನೋಟ್‌ಬುಕ್ಕು, ಪೆನ್ನು ತೆಗೆದೆ.

* * *

ಡಾರ್ಕ್‌ರೂಮು ಅತ್ತೆಯ ರಾಜ್ಯ. ಕೆಮಿಕಲ್ ವಾಸನೆಗೆ ಮಾವನಿಗೆ ಸೀನು ಶುರುವಾದರೆ ನಿಲ್ಲುವುದಿಲ್ಲ. ಹಾಗಾಗಿ ಮದುವೆಯಾದಾಗಿನಿಂದ ಫೋಟೋ ತೆಗೆಯುವುದು ಮಾವ, ತೊಳೆದು ಪ್ರಿಂಟ್ ಹಾಕುವುದು ಅತ್ತೆ. ಅವರ ಮನೆ ಸ್ಟುಡಿಯೋದ ಮಹಡಿಯ ಮೇಲೇ ಇದೆ.

"ಆ ಫಿಲ್ಮ್ ಹೇಗಿತ್ತು ಅತ್ತೆ?" ಎಂದು ಕೇಳಿದೆ.

"ಸರಿಯಾಗಿ ನೋಡ್ಲಿಲ್ಲಮ್ಮ. ಮದುವೆ ಆರ್ಡರ್ ಮುಗಿಸಿ ನಿನ್ನೆ ರಾತ್ರಿ ತೊಳೆದು ಒಣಗಕ್ಕೆ ಹಾಕ್ದೆ. ಬೆಳಿಗ್ಗೆ ಪ್ರಿಂಟ್ ಹಾಕೋಣ ಅಂತಿದ್ದೆ."

ಉಳಿದ ಫಿಲ್ಮುಗಳ ಮೇಲೆ, ದಾರದ ಉದ್ದಕ್ಕೂ, ಬಿಳಿ ಬಟ್ಟೆಯೊಂದನ್ನು ಯಾರೋ ಹೊದಿಸಿದ್ದರು. ಅದರ ಅಡಿಯಲ್ಲಿ ಯಾರದೋ ಮದುವೆ, ಯಾರದೋ ಮಗುವಿನ ಮೊದಲ ಹೆಜ್ಜೆ. ಒಂದಕ್ಕೂ ಗೀರು ಬಿದ್ದಿರಲಿಲ್ಲ.

"ಈ ಬಟ್ಟೆ ನೀವು ಹೊದಿಸಿದ್ದಾ?"

ಅತ್ತೆ ಒಂದು ಕ್ಷಣ ತಡೆದರು. "ಇಲ್ಲ. ನಾನು ಮೇಲಕ್ಕೆ ಹೋಗೋವಾಗ ಇರ್ಲಿಲ್ಲ. ಕಳ್ಳನೇ ಹೊದಿಸಿರ್ಬೇಕು."

ಎಂಥ ಸಭ್ಯ ಕಳ್ಳ! ನಾನು ಬಗ್ಗಿ ನೋಡಿದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಮರದ ಚೂರುಗಳು ಬಿದ್ದಿದ್ದವು. ಹಿಂಬಾಗಿಲು ದಾರದಿಂದ ಒಂದು ಮಾರು ದೂರದಲ್ಲಿತ್ತು. ಚಿಲಕ ಮೀಟಿದಾಗ ಸಿಡಿದ ಚೂರುಗಳು. ಅದನ್ನೂ ಬರೆದುಕೊಂಡೆ.

ಅಷ್ಟರಲ್ಲಿ ನಮ್ಮ ಪೇದೆ ಓಡಿ ಬಂದ. ಠಾಣೆಯಲ್ಲಿ ಅವನ ಹೆಸರು ರೇಡಿಯೋ. ಒಮ್ಮೆ ಶುರುವಾದರೆ ಕಿವಿ ತಿರುಗಿಸಿದರೂ ನಿಲ್ಲುವುದಿಲ್ಲ.

"ಕಳ್ಳ ಸಿಕ್ದ ಮೇಡಂ! ಎದುರು ಸ್ಟುಡಿಯೋದವನೇ. ಹೊಟ್ಟೆಕಿಚ್ಚು. ಹೊಸ ಪ್ರಿಂಟಿಂಗ್ ಮಿಷನ್ ತಂದ್ರೂ ಜನ ಎಲ್ಲಾ ಮಾವನ ಹತ್ರಾನೇ ಬರ್ತಾರೆ. ಠಾಣೇಲಿ ಕೂರಿಸಿ ಬಂದಿದೀನಿ. ಒಂದ್ಸಲ ಗದರಿಸಿದ್ರೆ ಕಕ್ತಾನೆ."

"ಯಾರು ಕೂರಿಸು ಅಂದ್ರು ನಿಂಗೆ?"

ರೇಡಿಯೋ ಬಂದ್ ಆಯಿತು.

ಅತ್ತೆಯ ಮುಖ ಬಿಳಿಚಿಕೊಂಡಿದ್ದನ್ನು ನಾನು ಆಗ ಗಮನಿಸಿದೆ. ಮಾವ ಮಾತ್ರ ಎದ್ದೇ ನಿಂತರು. "ಅವನದು ಬಾಯಿ ಜೋರು, ಆದ್ರೆ ಕಳ್ಳ ಅಲ್ಲ. ಬಿಟ್ಬಿಡಿ."

* * *

ಎದುರು ಸ್ಟುಡಿಯೋದವನು ಠಾಣೆಯ ಬೆಂಚಿನ ಮೇಲೆ ಕೈಕಟ್ಟಿ ಕೂತು ಕೆಂಡ ಕಾರುತ್ತಿದ್ದ.

"ನಾನು ಕದಿಯೋನಾಗಿದ್ರೆ ಒಂದೇ ಫಿಲ್ಮ್ ಯಾಕೆ ಕದೀಲಿ? ಅವನ ಗಿರಾಕಿಗಳದ್ದೆಲ್ಲ ಚಿಂದಿ ಮಾಡಿ ಬರ್ತಿದ್ದೆ! ಆಗ ಬಾಗಿಲು ಹಾಕ್ಕೊಂಡು ಹೋಗ್ತಿದ್ದ!"

ಇಷ್ಟು ಪ್ರಾಮಾಣಿಕವಾದ ಹೊಟ್ಟೆಕಿಚ್ಚನ್ನು ನಾನು ನೋಡಿರಲಿಲ್ಲ. ಅವನ ಮಾತಿನಲ್ಲಿ ಅರ್ಥವೂ ಇತ್ತು. ಕ್ಷಮೆ ಕೇಳಿ ಕಳಿಸಿದೆ. ಅವನೇನೋ ನೆಟ್ಟಗೆ ತನ್ನ ಸ್ಟುಡಿಯೋಗೆ ಹೋದ. ಆದರೆ ದಾರಿಯುದ್ದಕ್ಕೂ ಜನ ಅವನನ್ನು ಕಳ್ಳನಂತೆ ನೋಡಿದರು.

ಮುಂದೆ ಕಾಲೇಜು. ಮೇಷ್ಟ್ರು ಪ್ರಯೋಗಶಾಲೆಯಲ್ಲಿ ಮಸೂರ ಒರೆಸುತ್ತಿದ್ದರು. ಮೀಸೆ ನಿಜಕ್ಕೂ ಭರ್ಜರಿಯಾಗಿತ್ತು.

"ಮೀಸೆ ಉಳಿಸ್ಕೊಳ್ಳಕ್ಕೆ ಕದ್ದೆ ಅಂತೀರಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನೋಡಿಮ್ಮಾ, ನಾನು ಜೀವನಪೂರ್ತಿ ಆಕಾಶ ನೋಡ್ದೋನು. ಒಂದು ಸಲವೂ ಅಂಥದ್ದು ಕಾಣಿಸ್ಲಿಲ್ಲ. ಅದಕ್ಕೇ ಸಿಟ್ಟು ಬಂದು ಬರೆದೆ. ಆ ನೆಗೆಟಿವ್ ನೋಡೋ ಆಸೆ ಈ ಊರಲ್ಲಿ ನನಗಿಂತ ಜಾಸ್ತಿ ಯಾರಿಗೂ ಇಲ್ಲ."

ಹೊಳೆಯುವ ಕಣ್ಣಿಟ್ಟುಕೊಂಡು ಹೇಳಿದ ಮಾತು. ಅವರೂ ಅಲ್ಲ ಎಂದುಕೊಂಡು ಹೊರಬಂದೆ.

* * *

ಸ್ಟುಡಿಯೋಗೆ ಮರಳಿ, ಮನೆಯವರನ್ನು ಒಬ್ಬೊಬ್ಬರಾಗಿ ಕರೆದೆ. ಎಲ್ಲರಿಗೂ ಒಂದೇ ಪ್ರಶ್ನೆ. ಅವತ್ತು ಏನು ಕಂಡಿತು?

ಅಜ್ಜಿ ಕೈಯಲ್ಲೇ ಆಕಾರ ಮಾಡಿ ತೋರಿಸಿದರು. "ಬೋಗುಣಿ ಬೋರಲು ಹಾಕಿದ ಹಾಗಿತ್ತು ಕಣೇ. ಬೆಳ್ಳಗೆ ಉಜ್ಜಿಟ್ಟ ಬೋಗುಣಿ. ಇಷ್ಟು ವಯಸ್ಸಾಯ್ತು, ಇನ್ನು ಹೊಸದೇನೂ ನೋಡಲ್ಲ ಅಂದ್ಕೊಂಡಿದ್ದೆ. ಮೋಸ ಹೋದೆ ನೋಡು!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು.

ಕಾಲೇಜಿಗೆ ಹೋಗುವ ಮಗಳು ಚಿತ್ರ ಬರೆದೇಬಿಟ್ಟಳು. ಕೆಳಗೆ ಮೂರು ದೀಪ. ಮೊದಲು ಕೇಸರಿ, ಆಮೇಲೆ ನೀಲಿ. "ಸದ್ದೇ ಇರ್ಲಿಲ್ಲ ಅಕ್ಕ. ಅದೇ ಹೆಚ್ಚು ಹೆದರಿಕೆ. ಹೆದರಿಕೆಗಿಂತ... ಚಂದ."

ಅತ್ತೆ ನೆಲ ನೋಡುತ್ತ ಹೇಳಿದರು. "ಹಗಲಾದಂಗಾಯ್ತು. ಹುಲ್ಲಿನ ಒಂದೊಂದು ಎಸಳೂ ಕಾಣಿಸ್ತು. ಅಷ್ಟೇ ಹೇಳಕ್ಕೆ ಬರತ್ತೆ ನಂಗೆ."

ಕೊನೆಗೆ ಮಾವ.

"ಅಯ್ಯೋ, ಹೇಗೆ ಹೇಳ್ಲಿ! ಅಮ್ಮನ ಬಾಯಿ ತೆಗೆದಿದ್ದು ತೆಗೆದ ಹಾಗೇ ಇತ್ತು. ಮಗಳು ಅವಳಮ್ಮನ ತೋಳು ಗಟ್ಟಿ ಹಿಡಿದಿದ್ಳು, ಚಿಕ್ಕವಳಿದ್ದಾಗ ಹಿಡೀತಿದ್ದ ಹಾಗೆ. ಇವಳ ಕಣ್ಣು... ಮದುವೆಯಾದಾಗಿಂದ ನೋಡ್ತಿದೀನಿ, ಅಂಥ ಕಣ್ಣು ನೋಡಿರ್ಲಿಲ್ಲಮ್ಮ. ಹೆದರಿಕೇನೂ ಇತ್ತು, ನಗೂನೂ ಇತ್ತು."

"ಸರಿ ಮಾವ. ಆ ವಸ್ತು ಹೇಗಿತ್ತು?"

"ಅದಾ? ಬೆಳಕು. ಬಹಳ ಬೆಳಕು."

"ಆಕಾರ?"

"ಆಕಾರ... ಅವರು ಹೇಳಿದ್ರಲ್ಲ, ಬೋಗುಣಿ ಥರ."

ನಾನು ಪೆನ್ನು ಕೆಳಗಿಟ್ಟೆ. ನನಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗದೇ ಇದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಆದರೆ ಹೊರಗೆ ಜನ ಗುಂಪು ಕಟ್ಟಿ ಎದುರು ಸ್ಟುಡಿಯೋದ ಕಡೆ ಬೆರಳು ತೋರಿಸುತ್ತಿದ್ದರು. ಅವನು ಅರ್ಧ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ.

* * *

"ಮಾವ, ಅವತ್ತು ಎಲ್ಲರೂ ನಿಂತ ಹಾಗೇ ನಿಲ್ಲಿಸಿ ತೋರಿಸ್ತೀರಾ? ನೀವು ನಿಂತ ಕಡೆ ನೀವೂ ನಿಂತ್ಕೊಳ್ಳಿ."

ಕೆಲಸ ಸಿಕ್ಕಿದ್ದೇ ತಡ, ಮಾವನಿಗೆ ಜೀವ ಬಂತು. ಬಣ್ಣದ ಪರದೆಯ ಮುಂದೆ ಮೂವರನ್ನೂ ಸಾಲಾಗಿ ನಿಲ್ಲಿಸಿದರು. ಸೂರ್ಯ ಈ ಬದಿಗೆ ಎಂದು ಒಂದು ದೀಪ ಹಚ್ಚಿದರು. ಕ್ಯಾಮೆರಾ ಎತ್ತಿದರು. ಒಂದು ಹೆಜ್ಜೆ ಹಿಂದೆ ಸರಿದರು. "ಅಮ್ಮ, ಗಲ್ಲ ಸ್ವಲ್ಪ ಎತ್ತು. ಹಾಂ. ಮನೆಯವರ ಫೋಟೋ ಅಂತ ಹೀಗೇ ನಿಂತಿದ್ವಿ. ರೋಲಿನಲ್ಲಿ ಕೊನೇದು ಒಂದೇ ಉಳಿದಿತ್ತು. ಆಗ್ಲೇ ಬಂತು ನೋಡು! ತಕ್ಷಣ ಒತ್ತಿದೆ!"

"ಹಾಗೇ ಇರಿ ಮಾವ. ಅಲುಗಾಡ್ಬೇಡಿ." ನಾನು ಆ ಮೂವರ ಕಡೆ ತಿರುಗಿದೆ. "ಅದು ಎಲ್ಲಿಂದ ಬಂತು? ಕೈ ಮಾಡಿ ತೋರಿಸಿ."

ಅಜ್ಜಿಯ ಕೈ ಎದ್ದಿತು. ಮಗಳ ಕೈ ಎದ್ದಿತು. ಎರಡೂ ಒಂದೇ ಕಡೆಗೆ. ಮಾವನ ತಲೆಯ ಮೇಲೆ, ಅವರ ಬೆನ್ನ ಹಿಂದೆ. ಅತ್ತೆಯ ಕೈ ಮಾತ್ರ ಏಳಲಿಲ್ಲ.

ಮಾವ ಕ್ಯಾಮೆರಾ ಇಳಿಸಿದರು. ನಿಧಾನವಾಗಿ ಹಿಂದೆ ತಿರುಗಿ ಮೇಲೆ ನೋಡಿದರು. ಅಲ್ಲಿ ಗೋಡೆ ಇತ್ತು, ಗೋಡೆಯ ಮೇಲೆ ಗಡಿಯಾರ ಇತ್ತು.

"ಅಂದ್ರೆ... ನಾನು..." ಅವರು ಮತ್ತೆ ನಮ್ಮ ಕಡೆ ತಿರುಗಿದರು. "ನಾನು ತಿರುಗಿ ನೋಡೋ ಹೊತ್ತಿಗೆ ಗುಡ್ಡದ ಆಚೆ ಬರೀ ಮೋಡ ಕೆಂಪಗಿತ್ತು. ಸಿಕ್ತಾ ಸಿಕ್ತಾ ಅಂತ ಎಲ್ಲಾ ಕೇಳಿದ್ರು. ಸಿಕ್ತು ಅಂದೆ. ಆ ಕ್ಷಣಕ್ಕೇ ಒತ್ತಿದ್ದೆನಲ್ಲ!"

"ಕ್ಷಣ ಸಿಕ್ಕಿತ್ತು ಮಾವ. ಲೆನ್ಸು ಯಾವ ಕಡೆ ಇತ್ತು ಅಂತ ನೀವು ಯೋಚಿಸ್ಲಿಲ್ಲ. ಮುಖ ಬದಲಾದ ತಕ್ಷಣ ಒತ್ತೋದು ನಿಮ್ಮ ಕೈಗೆ ಅಭ್ಯಾಸ."

"ಸಾಕಮ್ಮ, ಬಿಟ್ಬಿಡು," ಎಂದರು ಅತ್ತೆ. ಅಳುತ್ತಿದ್ದರು. "ಕದ್ದಿದ್ದು ನಾನು."

ಮಾವ ಬಾಯಿ ಬಿಟ್ಟು ನೋಡಿದರು.

"ತೊಳೆದು ಬೆಳಕಿಗೆ ಹಿಡಿದೆ. ತಟ್ಟೆಯಿಲ್ಲ, ಗಿಟ್ಟೆಯಿಲ್ಲ. ಬರೀ ನಾವು. ನೀವು ಆಗ್ಲೇ ಊರಿಗೆಲ್ಲ ಸಾರಿಬಿಟ್ಟಿದ್ರಿ. ಅದನ್ನ ಅಷ್ಟು ಜನರ ಮುಂದೆ ಹಿಡಿದು ನೀವು ತಲೆ ತಗ್ಗಿಸೋದನ್ನ ನಾನು ನೋಡ್ಬೇಕಿತ್ತಾ? ಕಳುವಾದ್ರೆ ಕಳ್ಳನ್ನ ಬೈತಾರೆ, ನಿಮ್ಮನ್ನಲ್ಲ ಅಂದ್ಕೊಂಡೆ. ಆದ್ರೆ ಪಾಪ, ಎದುರಿನವನನ್ನ ಎಳ್ಕೊಂಡು ಹೋದ್ರು. ಆಗ್ಲೇ ಹೇಳ್ಬೇಕಿತ್ತು. ಬಾಯೇ ಬರ್ಲಿಲ್ಲ."

ರೇಡಿಯೋ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಬಟ್ಟೆಯಿಂದ. ಅತ್ತೆ ಮೇಲಕ್ಕೆ ಹೋಗುವಾಗ ಬಟ್ಟೆ ಇರ್ಲಿಲ್ಲ ಅಂದ್ರು. ಮರದ ಚೂರು ಬಟ್ಟೆಯ ಮೇಲೆ ಬಿದ್ದಿತ್ತು. ಅಂದ್ರೆ ಬಾಗಿಲು ಒಡೆಯೋಕೆ ಮುಂಚೇನೇ ಬಟ್ಟೆ ಹೊದಿಸಿತ್ತು. ಹೊರಗಿಂದ ಬಾಗಿಲು ಒಡೆದು ಬರೋ ಕಳ್ಳ, ಒಡೆಯೋಕೆ ಮುಂಚೆ ಒಳಗೆ ಹೇಗಿರ್ತಾನೆ? ಮನೆಯವರೇ ಆಗ್ಬೇಕು. ಡಾರ್ಕ್‌ರೂಮಿಗೆ ಹೋಗೋರು ಒಬ್ಬರೇ. ಆದ್ರೆ ಯಾಕೆ ಕದ್ರು ಅಂತ ಗೊತ್ತಾಗಿದ್ದು ಮಾವನ ಹೇಳಿಕೆಯಿಂದ. ಮೂರೂ ಜನ ತಟ್ಟೆಯನ್ನೋ ಅದರ ಬೆಳಕನ್ನೋ ವರ್ಣಿಸಿದ್ರು. ಫೋಟೋ ತೆಗೆದವರು ಮಾತ್ರ ಮೂರು ಮುಖ ವರ್ಣಿಸಿದ್ರು."

ಇಷ್ಟು ಹೇಳಿ ಅತ್ತೆಯ ಕಡೆ ತಿರುಗಿದೆ. ಸ್ವಂತ ಮನೆಯ ಬಾಗಿಲು ಒಡೆಯುವಾಗಲೂ ಗಿರಾಕಿಗಳ ಫಿಲ್ಮಿಗೆ ಧೂಳು ಬೀಳಬಾರದೆಂದು ಬಟ್ಟೆ ಹೊದಿಸಿದ ಹೆಂಗಸು. ಅಂಥ ಕಳ್ಳಿಯ ಮುಂದೆ ಟೋಪಿ ತೆಗೆಯಬೇಕು ಎನ್ನಿಸಿತು. ತೆಗೆದೆ ಕೂಡ.

"ಸುಟ್ಟುಬಿಟ್ರಾ ಅತ್ತೆ?"

"ಮುಖ ಇರೋ ಫಿಲ್ಮನ್ನ ನಾನು ಯಾವತ್ತೂ ಸುಟ್ಟಿಲ್ಲಮ್ಮ."

ಪ್ರತಿ ಸ್ಟುಡಿಯೋದಲ್ಲೂ ಗಿರಾಕಿಗಳು ವಾಪಸ್ ಬಂದು ಕೊಂಡೊಯ್ಯದ ಫೋಟೋಗಳ ಪೆಟ್ಟಿಗೆಯೊಂದು ಇರುತ್ತದೆ. ಅತ್ತೆ ಅದರ ತಳದಿಂದ ನೆಗೆಟಿವ್ ತೆಗೆದು ಗಂಡನ ಕೈಗಿಟ್ಟರು.

ಮಾವ ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು. "ಸಂಜೆ ಇದನ್ನೇ ತೋರಿಸೋಣ. ನಗೋರು ನಗ್ಲಿ. ಆದ್ರೆ ಮೊದ್ಲು ನಡಿ, ಎದುರಿನವನ ಹತ್ರ ಹೋಗೋಣ."

ಇಬ್ಬರೂ ಕೈ ಹಿಡಿದುಕೊಂಡು ಎಲ್ಲರೂ ನೋಡುತ್ತಿದ್ದಂತೆ ರಸ್ತೆ ದಾಟಿದರು. ಅತ್ತೆ ಆ ಗುಂಪಿನ ನಡುವೆಯೇ ನಿಂತು, ಕದ್ದವಳು ನಾನು, ಇವನಲ್ಲ ಎಂದರು. ಎದುರು ಸ್ಟುಡಿಯೋದವನು ಮೊದಲು ಕೂಗಾಡಿದ. ಆಮೇಲೆ ನೆಗೆಟಿವ್ ಕೈಗೆ ತೆಗೆದುಕೊಂಡು ನೋಡಿದ. ನೋಡುತ್ತ ನೋಡುತ್ತ ಅದನ್ನು ಬೆಳಕಿಗೆ ಎತ್ತಿ ಹಿಡಿದ.

"ಇದನ್ನ ನಿಮ್ಮ ಪುಟ್ಟ ಮಿಷನ್ನಲ್ಲಿ ಪ್ರಿಂಟ್ ಹಾಕಿ ಹಾಳು ಮಾಡ್ಬೇಡಿ," ಎಂದ. "ನಂದು ದೊಡ್ಡದಿದೆ. ಬನ್ನಿ ಅತ್ತೆ, ಇಬ್ಬರೂ ಸೇರಿ ಹಾಕೋಣ."

* * *

ಸಂಜೆ ಸ್ಟುಡಿಯೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಾನು ತಟ್ಟೆ ತೆಗೀಲಿಲ್ಲ. ನಾನದನ್ನ ನೋಡ್ಲೂ ಇಲ್ಲ. ತೆಗೆದಿದ್ದು ಇದು." ಬಾಗಿಲಷ್ಟು ದೊಡ್ಡ ಚಿತ್ರದ ಮೇಲಿನ ಬಟ್ಟೆ ಸರಿಸಿದರು.

ಯಾರೋ ಒಬ್ಬ ನಗಲು ಬಾಯಿ ತೆರೆದ. ನಗು ಬರಲಿಲ್ಲ.

ಮೇಷ್ಟ್ರು ಚಿತ್ರದ ಹತ್ತಿರ ಹೋದರು. ಮುಖಗಳನ್ನಲ್ಲ, ಹುಲ್ಲನ್ನು ನೋಡಿದರು. "ಸೂರ್ಯ ಬದಿಗಿದಾನೆ. ಮೂವರ ನೆರಳೂ ಇನ್ನೊಂದು ಬದಿಗೆ ಬಿದ್ದಿದೆ. ಸರಿ. ಹಾಗಾದ್ರೆ ಇದ್ಯಾರ ನೆರಳು?"

ಚಿತ್ರದ ಕೆಳತುದಿಯಿಂದ ಆ ಮೂವರ ಪಾದದ ಕಡೆಗೆ ಒಂದು ನೆರಳು ಚಾಚಿತ್ತು. ಎರಡೂ ಮೊಣಕೈ ಎತ್ತಿ ಕ್ಯಾಮೆರಾ ಹಿಡಿದು ನಿಂತ ಮನುಷ್ಯನ ನೆರಳು.

"ಇದು ನಂದೇ," ಎಂದರು ಮಾವ ಬೆರಗಾಗಿ.

"ಕ್ಯಾಮೆರಾದ ಫ್ಲಾಶ್ ಬೆಳಕಾಗಿದ್ರೆ ಕ್ಯಾಮೆರಾ ಹಿಡಿದವರ ನೆರಳೇ ಬೀಳಲ್ಲ. ಇದು ನಿಮ್ಮ ಬೆನ್ನ ಹಿಂದಿಂದ, ಎತ್ತರದಿಂದ ಬಂದ ಬೆಳಕು. ಸೂರ್ಯನಿಗಿಂತ ಜೋರು." ಮೇಷ್ಟ್ರು ಆ ನೆರಳಿನ ಮೇಲೆ ಬೆರಳಿಟ್ಟರು. "ಅದು ಏನು ಅಂತ ನಂಗೊತ್ತಿಲ್ಲ. ಆದ್ರೆ ಅದು ಅಲ್ಲಿತ್ತು."

ಮಾರನೆಯ ದಿನ ಮೀಸೆಯಿಲ್ಲದ ಮೇಷ್ಟ್ರನ್ನು ನೋಡಲು ಊರಿಗೆ ಊರೇ ನೆರೆಯಿತು. ಮಾವ ಅವರದೂ ಒಂದು ಫೋಟೋ ತೆಗೆದರು.

ಆ ದೊಡ್ಡ ಚಿತ್ರ ಈಗ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿದೆ. ದಾರಿಹೋಕರು ನಿಲ್ಲುತ್ತಾರೆ. ಆ ಮುಖಗಳನ್ನು ನೋಡುತ್ತಾರೆ. ಒಂದು ಕ್ಷಣ ಅವರ ಮುಖವೂ ಹಾಗೇ ಆಗುತ್ತದೆ. ಆಮೇಲೆ ತಮಗೇ ತಿಳಿಯದಂತೆ ಹಿಂದೆ ತಿರುಗಿ ಆಕಾಶ ನೋಡುತ್ತಾರೆ. ಕಿಟಕಿಯ ಒಳಗೆ ಮಾವ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ.

"ನೀವೊಬ್ಬರೇ ಅದನ್ನ ನೋಡ್ಲಿಲ್ಲ ಅಂತ ಬೇಜಾರಿಲ್ವಾ ಮಾವ?" ಎಂದು ಮೊನ್ನೆ ಕೇಳಿದೆ.

"ಯಾರಂದಿದ್ದು ನೋಡ್ಲಿಲ್ಲ ಅಂತ?" ಎಂದರು. ಕಿಟಕಿಯಾಚೆ ಬಂದು ನಿಂತ ಹೆಂಗಸಿನ ಮುಖದಿಂದ ಅವರು ಕಣ್ಣು ಕೀಳಲಿಲ್ಲ. "ದಿನಾ ನೋಡ್ತಿದೀನಮ್ಮ."

ನಾನು ನಕ್ಕು ಹೊರಗೆ ಬಂದೆ. ಬರುವಾಗ ಚಿತ್ರದ ಮುಂದೆ ಒಂದು ನಿಮಿಷ ನಿಂತೆ. ಆಮೇಲೆ ನಾನೂ ಹಿಂದೆ ತಿರುಗಿ ಮೇಲೆ ನೋಡಿದೆ.