ಹತ್ತು ಹೆಜ್ಜೆ

ಸೂರ್ಯಕಾಂತಿ ಹೂಬಿಟ್ಟು ಎಂಟು ದಿನವಾಗಿತ್ತು. ಹೊಲದಲ್ಲಿ ಬೆಳಗಿನ ಕೆಲಸ ಆಗಲೇ ಅರ್ಧ ಮುಗಿದಿತ್ತು. ಅಣ್ಣ ಕಾಲುವೆಯ ನೀರು ತಿರುಗಿಸುತ್ತಿದ್ದ. ಅತ್ತಿಗೆ ಕಳೆ ಕೀಳುತ್ತಿದ್ದಳು. ಜೇನಿನವನು ಬದುವಿನುದ್ದಕ್ಕೂ ಸಾಲಾಗಿಟ್ಟ ತನ್ನ ಹನ್ನೆರಡು ಪೆಟ್ಟಿಗೆಗಳ ಮುಂದೆ ಒಂದೊಂದರಂತೆ ಕುಕ್ಕರುಗಾಲಲ್ಲಿ ಕೂತು, ಕಿವಿಗೊಟ್ಟು ಕೇಳಿ, ಏಳುತ್ತಿದ್ದ. ತಂಗಿಯೊಬ್ಬಳಿಗೇ ಕೆಲಸವಿರಲಿಲ್ಲ.

ಹೊರದೇಶದ ಡೇರೆ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಸಂಬಳವಿಲ್ಲದೆ ನರ್ಸ್ ಆಗಿ ದುಡಿದು ಅವಳು ಮನೆಗೆ ಬಂದು ಹದಿನೈದು ದಿನವಾಗಿತ್ತು. ಅಲ್ಲಿ ನಿದ್ದೆಗೆ ಪುರುಸೊತ್ತಿರಲಿಲ್ಲ. ಇಲ್ಲಿ ಪುರುಸೊತ್ತೇ ನಿದ್ದೆ ಕೆಡಿಸುತ್ತಿತ್ತು.

ಮನೆಯಲ್ಲಿ ಯಾರೂ ಅವಳಿಗೆ ಕಡಿಮೆ ಮಾಡಿರಲಿಲ್ಲ. "ನಿನ್ನ ಕೋಣೆ ಹಂಗೇ ಇದೆ ಕಣೆ, ಮಂಚ ಸ್ವಲ್ಪ ಸರಿಸಿದ್ದೀವಿ ಅಷ್ಟೆ," ಎಂದಿದ್ದಳು ಅತ್ತಿಗೆ ಮೊದಲ ದಿನ. ಕಿಟಕಿಯ ಬೆಳಕಿನಲ್ಲಿ ಈಗ ಅತ್ತಿಗೆಯ ಹೊಲಿಗೆ ಯಂತ್ರ ಕೂತಿತ್ತು. ದಿನಾ ಎಚ್ಚರವಾದಾಗ ಅವಳ ಕೈ ಕಿಟಕಿ ಹುಡುಕಿಕೊಂಡು ಹೋಗಿ ಗೋಡೆಗೆ ತಾಗುತ್ತಿತ್ತು. ಎದ್ದರೆ ಮೊಣಕಾಲು ಯಂತ್ರದ ಕಾಲಿಗೆ ತಾಗುತ್ತಿತ್ತು. ಅರ್ಧ ಬಕೆಟ್ ನೀರಲ್ಲಿ ಸ್ನಾನ ಮುಗಿಸಿ ಬಂದರೆ ಅತ್ತಿಗೆ, "ಇದೇನು ಕಾಗೆ ಸ್ನಾನ? ಬಾವಿ ಬತ್ತಿಲ್ಲ ಮಾರಾಯ್ತಿ," ಎನ್ನುತ್ತಿದ್ದಳು. ತಮಾಷೆಗೇ. ಅವಳೂ ನಗುತ್ತಿದ್ದಳು.

ಬಂದುಹೋದವರೆಲ್ಲ "ಅಲ್ಲಿ ಹೇಗಿತ್ತಮ್ಮಾ?" ಎಂದು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಹೊಸ ರಸ್ತೆಯ ಮಾತು ಬರುತ್ತಿತ್ತು, ಯಾರದೋ ಮಗಳ ಮಾತು ಬರುತ್ತಿತ್ತು. ಎರಡನೇ ಪ್ರಶ್ನೆ ಯಾರೂ ಕೇಳಲಿಲ್ಲ. ಹಿಂದಿನಿಂದ 'ಫಾರಿನ್ನು' ಎಂದು ಹೆಸರಿಟ್ಟಿದ್ದರು, ಅಷ್ಟೆ.

ಜೇನಿನವನು ಮೊದಲನೇ ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅದೇ ಅವಳಿಗೆ ಚುಚ್ಚುತ್ತಿದ್ದುದು. ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಂದಿದ್ದವನು ಅವನೊಬ್ಬನೇ. ಬಸ್ಸು ಚಾಲೂ ಆಗುವವರೆಗೂ ಅವಳು ಒಂದು ಮಾತಿಗೆ ಕಾದಿದ್ದಳು. ಹೋಗಬೇಡ ಎನ್ನಬೇಕೆಂದೇನಲ್ಲ. ಕಾಯುತ್ತೇನೆ ಎಂದಿದ್ದರೂ ಸಾಕಿತ್ತು. ಅವನು ಚೀಲ ಮೇಲೆತ್ತಿಟ್ಟು, ಕೈ ಒರೆಸಿಕೊಂಡು, "ಹುಷಾರು" ಎಂದಿದ್ದ. ಎರಡು ವರ್ಷ ಆ ಒಂದು ಪದವನ್ನು ಅವಳು ಎಷ್ಟು ಕಡೆಯಿಂದ ತಿರುಗಿಸಿ ನೋಡಿದರೂ ಅದರಲ್ಲಿ ಬೇರೇನೂ ಸಿಕ್ಕಿರಲಿಲ್ಲ.

ಈಗ ಆಸ್ಪತ್ರೆಯವರು ಮತ್ತೆ ಬರೆದಿದ್ದರು. ಇನ್ನೆರಡು ವರ್ಷಕ್ಕೆ ಬರುತ್ತೀಯಾ? ಶನಿವಾರದೊಳಗೆ ಹೇಳು. ಆ ಇಮೇಲನ್ನು ಅವಳು ಅಣ್ಣನಿಗೆ ಓದಿ ಹೇಳಿದ್ದಳು. ಅಣ್ಣನಿಗೆ ಹೇಳಿದರೆ ಊರಿಗೇ ಹೇಳಿದಂತೆ.

ಅಂದು ಬುಧವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಹೊಲದಲ್ಲೇ ಉಳಿದಳು. ಸಾಲಿನ ಕೊನೆಯ ಪೆಟ್ಟಿಗೆಯ ಮೇಲೆ ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಮುಟ್ಟಿದರೆ ಮರ ಸುಡುತ್ತಿತ್ತು, ಮೇಣದ ವಾಸನೆ ಬರುತ್ತಿತ್ತು. ಡೇರೆಯಲ್ಲಿ ನೆರಳು ಸರಿದಂತೆಲ್ಲ ಮಂಚಗಳನ್ನು ಸರಿಸುವುದು ಅವರ ದಿನದ ಕೆಲಸ. ಯಾರೂ ಹೇಳಬೇಕಿರಲಿಲ್ಲ, ಕೈ ತಾನೇ ಮುಂದಾಗುತ್ತಿತ್ತು. ಇಲ್ಲಿಯೂ ಮುಂದಾಯಿತು. ಸೆರಗು ಮುಖಕ್ಕೆ ಸುತ್ತಿಕೊಂಡು, ನಿದ್ದೆ ಹೋದ ರೋಗಿಯನ್ನು ಎತ್ತುವಷ್ಟು ಮೆಲ್ಲಗೆ ಪೆಟ್ಟಿಗೆ ಎತ್ತಿ, ಹತ್ತು ಹೆಜ್ಜೆ ಆಚೆಯ ಮರದ ಬುಡದಲ್ಲಿಟ್ಟಳು. ಹದಿನೈದು ದಿನದಲ್ಲಿ ಮೊದಲ ಸಲ ಒಂದು ಕೆಲಸ ಮಾಡಿದೆನೆನ್ನಿಸಿತು.

ಸಂಜೆ ನೋಡಿದರೆ ಪೆಟ್ಟಿಗೆ ಇದ್ದ ಖಾಲಿ ಜಾಗದ ಮೇಲೆ ಗಾಳಿ ಕಪ್ಪಾಗಿತ್ತು. ಹೊಟ್ಟೆ ತುಂಬ ಮಕರಂದ ಹೊತ್ತು ಬಂದ ನೂರಾರು ಹುಳು ಅಲ್ಲೇ ಸುತ್ತುತ್ತಿದ್ದವು, ನೆಲಕ್ಕಿಳಿದು ತಡಕಾಡಿ ಮತ್ತೆ ಏಳುತ್ತಿದ್ದವು.

"ಇದನ್ನ ಯಾರು ಎತ್ತಿಟ್ಟಿದ್ದು?" ಹಿಂದಿನಿಂದ ಜೇನಿನವನ ದನಿ.

"ನಾನು. ಬಿಸಿಲಿತ್ತು."

"ಬಿಸಿಲು ಇವತ್ತು ಹೊಸದಾಗಿ ಬಂತಾ? ನಾನು ಇಷ್ಟು ದಿನ ಅವಕ್ಕೆ ಕೊಡೆ ಹಿಡ್ಕೊಂಡು ನಿಂತಿದ್ನಾ?"

"ಬೈಯೋದಾದ್ರೆ ನೆಟ್ಟಗೆ ಬೈ."

ಅವನು ಬೈಯಲಿಲ್ಲ. ಹುಳುಗಳನ್ನೇ ನೋಡುತ್ತ ನಿಂತ. "ಹತ್ತು ಮೈಲಿ ಆಚೆ ಸಾಗಿಸಿದ್ರೆ ತೊಂದ್ರೆ ಇಲ್ಲ. ಹೊಸ ಜಾಗ ಅಂತ ಗೊತ್ತಾಗತ್ತೆ, ಹೊಸದಾಗಿ ಕಲೀತಾವೆ. ಹತ್ತು ಹೆಜ್ಜೆನೇ ಕಷ್ಟ. ಅದೇ ಬದು, ಅದೇ ಹೂವು, ಎಲ್ಲಾ ಗುರುತಿಂದೇ. ಮನೆ ಮಾತ್ರ ಇದ್ದಲ್ಲಿಲ್ಲ."

ಅವಳು ಮುಖ ತಿರುಗಿಸಿಕೊಂಡಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಅಳಬೇಡ ಮಾರಾಯ್ತಿ, ಹುಳಕ್ಕೆ ಯಾರಾದ್ರೂ ಅಳ್ತಾರಾ?"

"ನಾನು ಹುಳಕ್ಕೆ ಅಳ್ತಿಲ್ಲ."

ಅವನು ಮರದಿಂದ ಎಲೆ ತುಂಬಿದ ಕೊಂಬೆಯೊಂದನ್ನು ಕತ್ತಿಯಿಂದ ಕಡಿದು ತಂದು, ಸರಿಸಿದ ಪೆಟ್ಟಿಗೆಯ ಬಾಯಿಗೆ ಅಡ್ಡವಾಗಿಟ್ಟ.

"ಬಾಗಿಲು ಮುಚ್ಚಿಬಿಟ್ಯಲ್ಲ!"

"ಮುಚ್ಚಿಲ್ಲ. ಬೆಳಿಗ್ಗೆ ಹೊರಗೆ ಬರ್ತಾ ಇದಕ್ಕೆ ಎಡವುತ್ತಾವೆ. ಎಡವಿದ ಮೇಲೇನೇ ಅವು ನಿಂತು ಸುತ್ತ ನೋಡೋದು. ಇಲ್ದಿದ್ರೆ ಅಭ್ಯಾಸಬಲದ ಮೇಲೆ ಹಾರಿಬಿಡ್ತಾವೆ." ಹಳೆಯ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆ ಇಟ್ಟ. "ದಾರಿ ತಪ್ಪಿದವು ಇದ್ರೊಳಗೆ ಕೂರ್ತಾವೆ. ಕತ್ತಲಾಗ್ತಿದ್ದಂಗೆ ಮರದಡಿಯ ಪೆಟ್ಟಿಗೆಗೆ ಸುರೀಬೇಕು. ಎರಡು ಮೂರು ಸಂಜೆ ಹಿಡಿಯತ್ತೆ."

"ತಪ್ಪು ನಂದು. ನಾನೂ ಕೂರ್ತೀನಿ."

"ಕೂತ್ಕೋ. ನೆಲಕ್ಕೇನು ಬಾಡಿಗೆಯಾ?"

ಕೂತರು. ಖಾಲಿ ಪೆಟ್ಟಿಗೆಯ ಈಚೆಗೆ ಅವಳು, ಆಚೆಗೆ ಅವನು. ಹುಳುಗಳು ಒಂದೊಂದಾಗಿ ಒಳಗಿಳಿಯುತ್ತಿದ್ದವು. ಯಾರೂ ಕೇಳದಿದ್ದರೂ ಅವಳು ಹೇಳತೊಡಗಿದಳು. ನೆರಳಿನ ಹಿಂದೆ ಸರಿಸುತ್ತಿದ್ದ ಮಂಚಗಳನ್ನು, ಆರನೇ ಮಂಚದ ಅಜ್ಜಿಯನ್ನು, ಊರು ಮುಳುಗಿ ಉಟ್ಟ ಬಟ್ಟೆಯಲ್ಲಿ ಬಂದ ಆ ಅಜ್ಜಿ ಇವಳ ಕೈ ಹಿಡಿದರಷ್ಟೇ ಮಾತ್ರೆ ನುಂಗುತ್ತಿದ್ದುದನ್ನು. ಹೇಳಿ ನಿಲ್ಲಿಸಿದಳು. ಈಗ ಅವನು ಹೂವಿನ ಮಾತೆತ್ತುತ್ತಾನೆ ಎಂದುಕೊಂಡಳು.

ಅವನು ಕೇಳಿದ: "ಮಂಚ ಅಷ್ಟು ಸಲ ಸರಿಸ್ತಿದ್ರಲ್ಲ, ಅಜ್ಜಿ ತಲೆ ಯಾವ ಕಡೆ ಹಾಕಿ ಮಲಗ್ತಿತ್ತು?"

ಅವಳು ಅವನನ್ನೇ ನೋಡಿದಳು. ಎರಡು ವಾರದಲ್ಲಿ ಬಂದ ಮೊದಲ ಎರಡನೇ ಪ್ರಶ್ನೆ ಅದು.

"ಅವಳ ಊರಿದ್ದ ಕಡೆಗೆ," ಎಂದಳು. "ಎಲ್ಲಿ ಸರಿಸಿದ್ರೂ ತಿರುಗಿ ಅದೇ ಕಡೆಗೆ ಹಾಕ್ತಿದ್ಲು." ಸ್ವಲ್ಪ ತಡೆದು, "ನಾನೂನು," ಎಂದಳು.

ಅವನ ಕಣ್ಣು ಒಂದು ಗಳಿಗೆ ಅವಳ ಮುಖದ ಮೇಲೆ ನಿಂತು, ಹಿಡಿದುಬಿಟ್ಟಾರೆಂಬಂತೆ ಪೆಟ್ಟಿಗೆಯ ಕಡೆ ಓಡಿತು. ಕತ್ತಲಾಗುವ ಮುಂಚಿನ ಬೆಳಕಿನಲ್ಲೂ ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು.

ಗುರುವಾರ ಖಾಲಿ ಪೆಟ್ಟಿಗೆಗೆ ಬಂದ ಹುಳು ಒಂದು ಹಿಡಿಯಷ್ಟು. ಶುಕ್ರವಾರ ಸಂಜೆ ಒಂದೂ ಬರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತರು.

"ಕಲಿತ್ವು," ಎಂದ ಅವನು. ದನಿಯಲ್ಲಿ ಖುಷಿಯಿರಲಿಲ್ಲ.

"ನಾಳೆ ಉತ್ತರ ಕಳಿಸ್ಬೇಕು ನಾನು."

"ಅಣ್ಣ ಹೇಳ್ದ."

"ಏನಂತ ಕಳಿಸ್ಲಿ?"

ಅವನು ಖಾಲಿ ಪೆಟ್ಟಿಗೆ ಎತ್ತಿ ಕಂಕುಳಿಗಿಟ್ಟುಕೊಂಡು, "ಕತ್ತಲಾಯ್ತು, ಹುಷಾರಾಗಿ ಹೋಗು," ಎಂದ.

ಮತ್ತದೇ ಪದ! ಅವಳು ತಿರುಗಿ ನೋಡದೆ ನಡೆದಳು. ಕೋಣೆಗೆ ಹೋಗಿ ಫೋನಿನಲ್ಲಿ 'ಬರುತ್ತೇನೆ' ಎಂದು ಬರೆದಳು. ಅಲ್ಲಿ ಕೈ ಹಿಡಿಯುವವರು ಬೇಕು. ಇಲ್ಲಿ ಯಾರಿಗೆ ಏನು ಬೇಕೋ ಬಾಯಿ ಬಿಟ್ಟು ಹೇಳುವವರೂ ಇಲ್ಲ. ಬೆಳಿಗ್ಗೆ ಕಳಿಸಿದರಾಯಿತು ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ಬೇಗ ಎದ್ದು, ಫೋನು ಕೈಯಲ್ಲಿ ಹಿಡಿದು, ನೆಟ್‌ವರ್ಕ್ ಸಿಗುವ ಬಾವಿಕಟ್ಟೆಗೆ ಹೋಗಲೆಂದು ಹೊರಬಾಗಿಲು ತೆಗೆದು ಕಾಲಿಟ್ಟಳು. ಎಡವಿದಳು. ಬಾಗಿಲುವಾಡ ಹಿಡಿದುಕೊಂಡದ್ದಕ್ಕೆ ಬೀಳಲಿಲ್ಲ.

ಹೊಸ್ತಿಲಿಗೆ ಅಡ್ಡವಾಗಿ ಎಲೆ ತುಂಬಿದ ಕೊಂಬೆ ಬಿದ್ದಿತ್ತು. ಬುಡದಲ್ಲಿ ಕತ್ತಿಯ ಹಸಿ ಗಾಯ.

ಅವಳು ನಿಂತುಬಿಟ್ಟಳು. ನಿಂತವಳು ಸುತ್ತ ನೋಡಿದಳು. ಬಾವಿಯ ಹಗ್ಗ ಹೊಸದು. ಕೊಟ್ಟಿಗೆಯ ಬಾಗಿಲಿಗೆ ನೀಲಿ ಬಣ್ಣ ಯಾವಾಗ ಹೊಡೆದರೋ. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅಣ್ಣನ ತಲೆ ಇಷ್ಟು ನರೆತದ್ದು ಯಾವಾಗ? ಬಂದಾಗಿನಿಂದ ಇಲ್ಲೇ ಇದ್ದಳು, ಇದರಲ್ಲೊಂದನ್ನೂ ಕಂಡಿರಲಿಲ್ಲ.

"ಯಾವ ಪುಣ್ಯಾತ್ಮ ಇಲ್ಲಿ ಸೊಪ್ಪು ತಂದು ಹಾಕಿದ್ದು?" ಹಿಂದೆ ಅತ್ತಿಗೆಯ ಕೂಗು. "ಬಾಗಿಲಲ್ಲಿ ಕುರಿ ಕಟ್ಟಿದ್ದೀವಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ಬರೆದದ್ದನ್ನು ಅಳಿಸಿ ಹೊಸದಾಗಿ ಬರೆದಳು. ಆರನೇ ಮಂಚದ ಅಜ್ಜಿಯ ವಿಷಯ ಬರೆಯುವಾಗ ಕಣ್ಣು ಮಂಜಾಯಿತು. ಕಳಿಸಿ, ಅತ್ತು ಮುಗಿಸಿ, ಮುಖ ತೊಳೆದುಕೊಂಡು ಹೊಲಕ್ಕೆ ಹೋದಳು.

ಜೇನಿನವನು ಮೊದಲ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ.

"ನಮ್ಮನೆ ಬಾಗಿಲಲ್ಲಿ ಒಂದು ಕೊಂಬೆ ಬಿದ್ದಿತ್ತು," ಎಂದಳು.

"ಗಾಳಿ ಇತ್ತಲ್ಲ."

"ಗಾಳಿ ಕತ್ತಿ ಹಿಡ್ಕೊಂಡು ಬಂದಿತ್ತು."

ಅವನು ಪೆಟ್ಟಿಗೆಗೆ ಕೇಳಿಸುವಂತೆ ಕೇಳಿದ: "ಎಡವಿದ್ಯಾ?"

"ಎಡವಿದೆ."

"ಮತ್ತೆ?"

"ಸುತ್ತ ನೋಡ್ದೆ. ಬರಲ್ಲ ಅಂತ ಬರೆದು ಕಳಿಸಿದೆ."

ಅವನು ತಲೆ ಎತ್ತಿದ. ಆ ಮುಖದಲ್ಲಿದ್ದುದನ್ನು ಎರಡು ವರ್ಷದ ಕೆಳಗೆ ಬಸ್ಸಿನ ಕಿಟಕಿಯಿಂದ ಕಂಡಿದ್ದರೆ ಅವಳು ಇಳಿದುಬಿಡುತ್ತಿದ್ದಳೇನೋ. "ಕೊಂಬೆ ಮೂರು ದಿನ ತೆಗೀಬಾರ್ದು," ಎಂದ ಕೊನೆಗೆ.

"ಅತ್ತಿಗೆ ಆಗ್ಲೇ ಒಲೆಗೆ ಹಾಕಿದ್ರು."

"ಹಂಗಾದ್ರೆ ನಾಳೆ ಇನ್ನೊಂದು ತರ್ತೀನಿ."

ಅವಳು ಪಕ್ಕದಲ್ಲೇ ಕೂತಳು. ಮೊದಲು ನಡುವೆ ಇರುತ್ತಿದ್ದ ಪೆಟ್ಟಿಗೆ ಇಂದು ಇರಲಿಲ್ಲ. "ಬಸ್‌ಸ್ಟ್ಯಾಂಡಲ್ಲಿ ಒಂದು ಮಾತು ಹೇಳ್ಬೇಕಿತ್ತು ನೀನು. ಎರಡು ವರ್ಷದಿಂದ ಬಾಕಿ ಇದೆ."

"ಗೊತ್ತು. ಈಗ ತೀರಿಸ್ಲಾ?"

ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಸಾವಿರ ಹುಳುವಿನ ನಡುವೆ ಬರಿಗೈ ಹಾಕುವವನಿಗೆ ಒಂದು ಮಾತಿಗೆ ಇಷ್ಟು ಭಯ.

"ಬೇಡ," ಎಂದಳು ಅವಳು. "ಅವಸರ ಇಲ್ಲ. ನಾನೆಲ್ಲಿಗೂ ಹೋಗ್ತಿಲ್ಲ."