ಸಾವಿರದಲ್ಲಿ ಇಬ್ಬರು

ಹನ್ನೊಂದು ದಿನ ಲಾಂಬ್ರೋಸ್ ಫೋನ್ ಎತ್ತಲಿಲ್ಲ. ಹನ್ನೆರಡನೆಯ ದಿನ ಎವಾಂಥಿಯಾ ಲ್ಯಾಬಿನ ಬಿಳಿ ಕೋಟು ಕಳಚಿಟ್ಟು, ಯೊವಾನ್ನಿನಾ ಊರಿನ ಸರೋವರದ ದಂಡೆಗೆ ನಡೆದು, ದ್ವೀಪಕ್ಕೆ ಹೋಗುವ ಅವನ ದೋಣಿ ಹತ್ತಿದಳು.

ಅವನು ಟಿಕೆಟ್ ಕೊಟ್ಟ, ಮುಖ ಕೊಡಲಿಲ್ಲ.

"ಬೇರೆ ಯಾರಾದ್ರೂ ಸಿಕ್ಕಿದ್ದಾರಾ?" ನಲವತ್ತೊಂದರ ಹೆಂಗಸು ಕೇಳುವ ಮಾತಲ್ಲವೆಂದು ಅವಳಿಗೂ ಗೊತ್ತಿತ್ತು.

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ. ಊರವರಿಗೆಲ್ಲ ನಡೆಸಿದ ಕ್ಯಾನ್ಸರ್ ತಪಾಸಣೆಯ ರಕ್ತಪರೀಕ್ಷೆ: ಪಾಸಿಟಿವ್. ಕೆಳಗಿದ್ದದ್ದು ಅವಳದೇ ಸಹಿ. ಹೆಸರಿಲ್ಲದೆ ಬರೀ ನಂಬರಿದ್ದ ನಾನೂರು ವರದಿಗಳಿಗೆ ಒಂದೇ ದಿನ ಹಾಕಿದ ಸಹಿ.

"ಸಾಯೋನ ಜೊತೆ ನಿನಗೇನು ಕೆಲಸ, ಡಾಕ್ಟ್ರಮ್ಮ?"

ಅವಳು ಚುಕ್ಕಾಣಿಯ ಪಕ್ಕ ಕೂತಳು. "ಕೇಳಿಲ್ಲಿ. ಸಾವಿರ ಜನರಲ್ಲಿ ನಿಜವಾಗಿ ಈ ಕಾಯಿಲೆ ಇರೋದು ಇಬ್ಬರಿಗೆ. ಆ ಇಬ್ಬರನ್ನೂ ಈ ಪರೀಕ್ಷೆ ಹಿಡಿಯುತ್ತೆ. ಜೊತೆಗೆ ಗಟ್ಟಿಮುಟ್ಟಾಗಿರೋ ಇಪ್ಪತ್ತು ಜನರನ್ನೂ ತಪ್ಪಾಗಿ ಹಿಡಿಯುತ್ತೆ. ಈ ಕಾಗದ ಇಪ್ಪತ್ತೆರಡು ಮನೆಗೆ ಹೋಗುತ್ತೆ. ಇಪ್ಪತ್ತು ಮನೇಲಿ ಸುಮ್‌ಸುಮ್ನೆ ಅಳ್ತಾರೆ."

"ಇನ್ನೆರಡು ಮನೇಲಿ?"

ಒಂದು ಸುಳ್ಳು ಅವಳ ನಾಲಿಗೆಯ ತುದಿವರೆಗೂ ಬಂತು. ನುಂಗಿಕೊಂಡಳು. "ಅಲ್ಲಿ ಅಳೋಕೆ ಕಾರಣ ಇರುತ್ತೆ. ಅದಕ್ಕೇ ಎರಡನೇ ಪರೀಕ್ಷೆ ಮಾಡಿಸ್ಬೇಕು ಅಂತಿರೋದು."

ಅವನು ಚುಕ್ಕಾಣಿ ಮರೆತು ಅವಳನ್ನೇ ನೋಡಿದ. ದೋಣಿ ದ್ವೀಪದ ಕಟ್ಟೆಗೆ ಹೋಗಿ ಢಿಕ್ಕಿ ಹೊಡೆಯಿತು.

"ಪ್ರೀತಿ ಮಾಡೋದಾದ್ರೆ ದೋಣಿಗೆ ಹಗ್ಗ ಕಟ್ಟಿ ಮಾಡಪ್ಪ," ಎಂದಳು ಹಿಂದಿನ ಸೀಟಿನ ಅಜ್ಜಿ.

ಎರಡನೆಯ ಫಲಿತಾಂಶವನ್ನು ವಾರದ ನಂತರ ಅವಳೇ ತಂದಳು. ದಂಡೆಯ ಬೆಂಚಿನಲ್ಲಿ ಅವನು ಕಾಯುತ್ತಿದ್ದ.

"ಆ ಇಬ್ಬರಲ್ಲಿ ಒಬ್ಬ ನೀನು," ಎಂದಳು. "ಗಡ್ಡೆ ಸಣ್ಣದು, ತೆಗೀಬಹುದಂತೆ. ಪೂರ್ತಿ ವಾಸಿಯಾಗುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಅವನು ಅವಳ ತಣ್ಣನೆಯ ಕೈಯನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ.

"ಅವತ್ತು ದೋಣೀಲಿ ನೀನು ಸುಳ್ಳು ಹೇಳಿದ್ದಿದ್ರೆ ಇವತ್ತು ಯಾರನ್ನ ನಂಬ್ತಿದ್ದೆ ನಾನು?"

ಮರುದಿನ ಆಸ್ಪತ್ರೆಯ ಫಾರಂ ತುಂಬುವಾಗ, ಹತ್ತಿರದ ಸಂಬಂಧಿ ಎಂಬಲ್ಲಿ ಅವಳ ಹೆಸರು ಬರೆದ. ಪಕ್ಕದಲ್ಲಿ: ಹೆಂಡತಿ.

"ಇನ್ನೂ ಆಗಿಲ್ವಲ್ಲ," ಎಂದಳು ಎವಾಂಥಿಯಾ ಮೆಲ್ಲಗೆ.

"ಆಪರೇಷನ್ ಇಪ್ಪತ್ತೆರಡನೇ ತಾರೀಖಿಗೆ. ಹದಿನೆಂಟಕ್ಕೆ ಪಾದ್ರಿಗೆ ಬಿಡುವಿದೆಯಂತೆ. ಕೇಳ್ಕೊಂಡೇ ಬಂದೆ."